ಬರೆಯದೆ ಬಿಟ್ಟ ಸಾಲು

ಈಗ ಕೋಣನಕುಂಟೆ ಅಂದರೆ ನಿಮ್ಮ ಕಣ್ಣಿಗೆ ಬರುವುದು ಮೆಟ್ರೊ, ಮಾಲು, ಇಪ್ಪತ್ತು ಅಂತಸ್ತಿನ ಫ್ಲ್ಯಾಟುಗಳು. 1991ರಲ್ಲಿ ಅದು ಊರಾಚೆಯ ಹಳ್ಳಿ. ಕನಕಪುರ ರಸ್ತೆಯಲ್ಲಿ ಜರಗನಹಳ್ಳಿ ದಾಟಿದರೆ ಬೀದಿದೀಪ ಅಷ್ಟಕ್ಕಷ್ಟೆ. ರಾಗಿ ಹೊಲದ ನಡುವೆ ಅಲ್ಲೊಂದು ಇಲ್ಲೊಂದು ಹೊಸ ಮನೆ, ಕೆಲವಕ್ಕೆ ಇನ್ನೂ ಸುಣ್ಣ ಬಳಿದಿರಲಿಲ್ಲ. ಸೈಟು ಕೊಂಡು ಮನೆ ಕಟ್ಟಿಸಿದವರು ಪೇಟೆಯಲ್ಲೇ ಇದ್ದು ಅದನ್ನು ಬಾಡಿಗೆಗೆ ಬಿಡುತ್ತಿದ್ದರು. ಯಾರು ಬಂದರು, ಯಾರು ಹೋದರು ಎಂದು ವಿಚಾರಿಸುವ ನೆರೆಹೊರೆಯೇ ಇರಲಿಲ್ಲ. ತಲೆಮರೆಸಿಕೊಳ್ಳುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕೆ?

ಹಂಡೆ ಒಲೆ ಮುಂದೆ ಕೂತು ಏನಾದರೂ ಹಳೇ ಕಥೆ ಹೇಳಿ ಅಂದಿರಿ. ದೆವ್ವದ ಕಥೆ ನನಗೆ ಬರುವುದಿಲ್ಲ. ಇದನ್ನು ಕೇಳಿ. ಇದರಲ್ಲಿ ನಮ್ಮ ರೈಟರ್ ಮಾವನೂ ಇದ್ದಾನೆ.

ಅವನು ನನ್ನ ಸೋದರಮಾವ. ಪೊಲೀಸ್ ಸ್ಟೇಷನ್‌ನಲ್ಲಿ ಬಹಳ ವರ್ಷ ರೈಟರ್ ಆಗಿದ್ದು ನಿವೃತ್ತನಾದವನು. ಸ್ಟೇಷನ್ ರೈಟರ್ ಅಂದರೆ ಕಥೆ ಕವನ ಬರೆಯುವವನಲ್ಲ. ದೂರು, ಮಹಜರು, ಹೇಳಿಕೆ ಎಲ್ಲ ಬರೆಯುವವನು. ಲಾಠಿ ಹಿಡಿದು ಓಡಾಡಿದ್ದು ಕಡಿಮೆ, ಕಾರ್ಬನ್ ಕಾಗದ ಇಟ್ಟು ಮೂರು ಪ್ರತಿ ಒತ್ತಿ ಒತ್ತಿ ಬರೆದು ಬಲಗೈ ನಡುಬೆರಳಿನಲ್ಲಿ ಜಡ್ಡುಗಟ್ಟಿತ್ತು. ಪೇಪರಿನಲ್ಲಿ ಯಾವುದೇ ಕೊಲೆ ಕೇಸಿನ ಸುದ್ದಿ ಬಂದರೂ ಅವನು ಕೇಳುತ್ತಿದ್ದುದು ಕೊಂದವರು ಯಾರು ಎಂದಲ್ಲ. ‘ಸ್ಟೇಟ್‌ಮೆಂಟ್ ತಗೊಂಡೋರು ಯಾರಂತೆ?’

1991ರ ಮೇ 21ರ ರಾತ್ರಿ ಹತ್ತು ಗಂಟೆ ಇಪ್ಪತ್ತು ನಿಮಿಷದ ಹೊತ್ತಿಗೆ ಶ್ರೀಪೆರಂಬದೂರಿನಲ್ಲಿ ಬಾಂಬು ಸಿಡಿದು ರಾಜೀವ್ ಗಾಂಧಿ ಸತ್ತರು. ಅವರು ಚುನಾವಣಾ ಪ್ರಚಾರಕ್ಕೆಂದು ವಿಶಾಖಪಟ್ಟಣದಿಂದ ಬಂದಿದ್ದರು. ಆ ಸಂಜೆ ಅಲ್ಲಿ ಅವರ ವಿಮಾನ ಕೆಟ್ಟು, ಇನ್ನು ಇವತ್ತು ಹೊರಡುವ ಹಾಗಿಲ್ಲ ಎಂದು ಅವರು ಅತಿಥಿಗೃಹದ ದಾರಿ ಹಿಡಿದಿದ್ದರಂತೆ. ಅಷ್ಟರಲ್ಲಿ ರಿಪೇರಿಯಾಯಿತು, ಹೊರಟರು. ಈ ಒಂದು ಸಂಗತಿಯನ್ನು ನಮ್ಮ ಬೀದಿಯ ಹೆಂಗಸರು ಎಷ್ಟು ಸಲ ಹೇಳಿಕೊಂಡು ಲೊಚಗುಟ್ಟಿದರೋ ಲೆಕ್ಕವಿಲ್ಲ. ಉಳಿದ ಮತದಾನ ಜೂನ್‌ಗೆ ಹೋಯಿತು.

ಕೇಸು ಇಷ್ಟು ಬೇಗ ಬಿಚ್ಚಿಕೊಂಡಿದ್ದು ಒಂದು ಕ್ಯಾಮೆರಾದಿಂದ. ಹರಿಬಾಬು ಎಂಬ ಫೋಟೊಗ್ರಾಫರ್ ಹುಡುಗ ಸ್ಫೋಟದಲ್ಲೇ ಸತ್ತ, ಅವನ ಮೈಮೇಲಿದ್ದ ಕ್ಯಾಮೆರಾ ಉಳಿಯಿತು. ಒಳಗೆ ಹತ್ತು ಚಿತ್ರ. ಗಂಧದ ಹಾರ ಹಿಡಿದು ನಿಂತ ಕನ್ನಡಕದ ಹುಡುಗಿ. ಬಿಳಿ ಜುಬ್ಬಾ ಪೈಜಾಮ ತೊಟ್ಟು, ಪತ್ರಕರ್ತನ ಹಾಗೆ ನೋಟ್‌ಬುಕ್ ಹಿಡಿದ ಒಬ್ಬ. ಹುಡುಗಿ ಧನು, ಬೆಲ್ಟ್ ಬಾಂಬು ಕಟ್ಟಿಕೊಂಡು ಬಂದವಳು. ಆಸಾಮಿ ಶಿವರಾಸನ್, ನಮ್ಮ ಪತ್ರಿಕೆಗಳ ಬಾಯಲ್ಲಿ ‘ಒಕ್ಕಣ್ಣ ಶಿವರಾಸನ್’. ಹರಿಬಾಬು ಕೊಲೆಯ ದಾಖಲೆಗೆಂದು ಕೊಲೆಗಾರರೇ ಕರೆತಂದಿದ್ದ ಫೋಟೊಗ್ರಾಫರ್. ಆ ದಾಖಲೆಯೇ ಅವರನ್ನು ಹಿಡಿದುಕೊಟ್ಟಿತು.

ಎಲ್‌ಟಿಟಿಇ ಮಾಡಿಸಿದ್ದು ಎಂಬುದರಲ್ಲಿ ನನಗೆ ಆಗಲೂ ಅನುಮಾನ ಇರಲಿಲ್ಲ, ಈಗಲೂ ಇಲ್ಲ. ಭಾರತದ ಶಾಂತಿಪಾಲನಾ ಪಡೆ 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿ ಅವರ ಜೊತೆ ಕಾದಾಡಿತ್ತು. ರಾಜೀವ್ ಮತ್ತೆ ಪ್ರಧಾನಿಯಾದರೆ ಮತ್ತೆ ಪಡೆ ಬರಬಹುದೆಂಬ ಭಯ ಅವರಿಗಿತ್ತು. ಮುಂದೆ 2006ರಲ್ಲಿ ಅವರದೇ ಆಂಟನ್ ಬಾಲಸಿಂಗಂ ಟಿವಿ ಸಂದರ್ಶನದಲ್ಲಿ ಅದೊಂದು ದೊಡ್ಡ ದುರಂತ, ವಿಷಾದವಿದೆ ಎಂದು ಹೇಳಿದ. ಅಷ್ಟು ಸಾಕು ನನಗೆ. ಇವತ್ತು ನಾನು ಹೇಳಲು ಹೊರಟ ಅನುಮಾನ ಬೇರೆ.

ಜೂನ್ ಕೊನೆಗೆ ಶಿವರಾಸನ್, ಧನುವಿನ ಜೊತೆಗಾರ್ತಿ ಶುಭಾ ಮತ್ತು ವೈರ್‌ಲೆಸ್ ಹುಡುಗ ನೇರು ಮದ್ರಾಸಿನಿಂದ ಬೆಂಗಳೂರಿಗೆ ಬಂದರು. ಬಂದದ್ದು ಟ್ಯಾಂಕರ್ ಲಾರಿಯ ಖಾಲಿ ಹೊಟ್ಟೆಯೊಳಗೆ ಕೂತು. ಲಂಕೆಯಲ್ಲಿ ಗಾಯಗೊಂಡ ಹುಡುಗರನ್ನು ಚಿಕಿತ್ಸೆಗೆಂದು ತಂದಿಡಲು ಈ ಊರಿನಲ್ಲಿ ಎಲ್‌ಟಿಟಿಇಯವರಿಗೆ ಮೊದಲೇ ಮನೆಗಳಿದ್ದವು. ಇವರು ಮೊದಲು ಪುಟ್ಟೇನಹಳ್ಳಿಯಲ್ಲಿದ್ದು ಆಮೇಲೆ ಕೋಣನಕುಂಟೆಗೆ ಹೋದರು. ನಾನಾಗ ಜಯನಗರದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ, ಸಾರಕ್ಕಿಯಲ್ಲಿ ರೂಮು. ದೇಶವೆಲ್ಲ ಹುಡುಕುತ್ತಿದ್ದವನು ನನ್ನ ರೂಮಿನಿಂದ ಸೈಕಲ್ ದೂರದಲ್ಲಿದ್ದ. ಅವನ ಫೋಟೊ ನಮ್ಮ ಬಸ್‌ಸ್ಟಾಪಿನ ಗೋಡೆಯಲ್ಲೇ ಅಂಟಿಸಿತ್ತು. ನಾವು ಅದಕ್ಕೆ ಒರಗಿಕೊಂಡು ಬಿಟಿಎಸ್ ಬಸ್ಸಿಗೆ ಕಾಯುತ್ತಿದ್ದೆವು.

ಆಗಸ್ಟ್ ನಡುವೆ ಮಂಡ್ಯ ಜಿಲ್ಲೆಯ ಮುತ್ತತ್ತಿ ಕಡೆಯಿಂದ ಸುದ್ದಿ ಬಂತು. ಅಡಗಿದ್ದ ಎಲ್‌ಟಿಟಿಇ ಹುಡುಗರು ಪೊಲೀಸರನ್ನು ಕಂಡು ಸೈನೈಡ್ ಕಚ್ಚಿ ಸತ್ತಿದ್ದರು. ಇಪ್ಪತ್ತು ಇಪ್ಪತ್ತೆರಡರ ಹುಡುಗರು. ಅದೇ ಹೊತ್ತಿಗೆ, 18ನೇ ತಾರೀಕು, ಮನೆ ಬಾಡಿಗೆಗೆ ಹಿಡಿದುಕೊಟ್ಟಿದ್ದ ಬೆಂಗಳೂರಿನವನ ಹೆಂಡತಿಯಿಂದ ವಿಶೇಷ ತನಿಖಾ ದಳಕ್ಕೆ ಕೋಣನಕುಂಟೆಯ ಸುಳಿವು ಸಿಕ್ಕಿತು. ದಳದ ಮುಖ್ಯಸ್ಥರು ಡಿ.ಆರ್. ಕಾರ್ತಿಕೇಯನ್, ನಮ್ಮ ಕರ್ನಾಟಕ ಕೇಡರಿನವರೇ. ಮನೆ ಸುತ್ತ ಪಹರೆ ಬಿತ್ತು. ಆದರೆ ನುಗ್ಗಲಿಲ್ಲ.

ಆ ಕಾಯುವಿಕೆ ಇದೆಯಲ್ಲ, ಇವತ್ತಿಗೂ ಜಗಳವಾಗುವುದು ಅದರ ಮೇಲೆ. ಶಿವರಾಸನ್‌ನನ್ನು ಜೀವಸಹಿತ ಹಿಡಿಯಬೇಕು, ಕಮಾಂಡೊಗಳು ಬೇಕು, ಸೈನೈಡ್‌ಗೆ ಮದ್ದು ಬೇಕು, ದೆಹಲಿಯಿಂದ ಮಾತು ಬರಬೇಕು. ಒಂದು ರಾತ್ರಿ ಹೋಯಿತು, ಒಂದು ಹಗಲು ಹೋಯಿತು. 19ರ ಸಂಜೆ ಆ ದಾರಿಯಲ್ಲಿ ಬಂದ ಒಂದು ಲಾರಿ ಸರಿಯಾಗಿ ಆ ಮನೆ ಹತ್ತಿರವೇ ಕೆಟ್ಟು ನಿಂತಿತು. ಒಳಗಿದ್ದವರು ಅದು ಪೊಲೀಸರ ಲಾರಿ ಎಂದುಕೊಂಡು ಗುಂಡು ಹಾರಿಸಿದರು. ಹೊರಗಿನಿಂದಲೂ ಗುಂಡು. ಆಮೇಲೆ ಸದ್ದಿಲ್ಲ. ಬೆಳಗಿನ ಜಾವ ಕಮಾಂಡೊಗಳು ಬಾಗಿಲು ಒಡೆದು ಹೋದಾಗ ಏಳು ಹೆಣ. ಆರು ಮಂದಿ ಸೈನೈಡ್ ಕಚ್ಚಿದ್ದರು. ಶಿವರಾಸನ್ ತಲೆಗೆ ಗುಂಡು ಹೊಡೆದುಕೊಂಡಿದ್ದ ಎಂದು ದಳ ಹೇಳಿತು. ಅವತ್ತು ಆಗಸ್ಟ್ 20, ರಾಜೀವ್ ಹುಟ್ಟಿದ ದಿನ.

ಬೆಳಿಗ್ಗೆ ಜನ ಜಾತ್ರೆಗೆ ಹೊರಟ ಹಾಗೆ ಹೊರಟರು. ನಾನು ಪ್ರೆಸ್ಸಿಗೆ ಚಕ್ಕರ್ ಹಾಕಿ ಮಾವನನ್ನು ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋದೆ. ಕನಕಪುರ ರಸ್ತೆಯುದ್ದಕ್ಕೂ ಸ್ಕೂಟರು, ಲೂನಾ, ಕಾಲ್ನಡಿಗೆಯವರು. ಕಡಲೆಕಾಯಿ ಮಾರುವವನೂ ಬಂದಿದ್ದ, ಇದನ್ನು ನಾನು ಉತ್ಪ್ರೇಕ್ಷೆಗೆ ಹೇಳುತ್ತಿಲ್ಲ. ಹಗ್ಗ ಕಟ್ಟಿ ಜನರನ್ನು ದೂರದಲ್ಲೇ ತಡೆದಿದ್ದರು. ರಾಗಿ ಪೈರು ಸಾವಿರಾರು ಕಾಲಿಗೆ ಸಿಕ್ಕು ನೆಲಕ್ಕೆ ಹಾಸಿತ್ತು. ಹೊಲದ ಯಜಮಾನ ಒಬ್ಬ ತಲೆಗೆ ಟವೆಲ್ ಸುತ್ತಿಕೊಂಡು ಬದುವಿನ ಮೇಲೆ ನಿಂತು ಎಲ್ಲರನ್ನೂ ಒಂದೇ ಸಮ ಬೈಯುತ್ತಿದ್ದ. ಅವನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಮನೆ ನಮಗೆ ಕಾಣಿಸಿದ್ದು ಒಂದು ಮೂಲೆಯಷ್ಟೇ. ಮಾವ ಹಗ್ಗದ ಬಳಿ ಪರಿಚಯದ ಪೇದೆಯೊಬ್ಬನನ್ನು ಹಿಡಿದು ಏನೋ ಕೇಳಿಕೊಂಡು ಬಂದ.

‘ಏಳು ಹೆಣ ಕಣಯ್ಯ. ಒಂದೂ ಸ್ಟೇಟ್‌ಮೆಂಟಿಲ್ಲ’ ಅಂದ.

ವಾಪಸು ಬರುವಾಗ ಸಾರಕ್ಕಿ ಕೆರೆ ಏರಿ ಹತ್ತಿರ ಟೀ ಕುಡಿಯುತ್ತ ಮತ್ತೆ ಬಾಯಿಬಿಟ್ಟ. ‘ಈಗ ನೋಡು, ಎಲ್ಲಾ ಗೊತ್ತಿದ್ದೋನು ಸತ್ತ. ಇನ್ನು ಕೇಸು ನಿಲ್ಲಬೇಕಾದ್ದು ಅರ್ಧಂಬರ್ಧ ಗೊತ್ತಿದ್ದೋರ ಹೇಳಿಕೆ ಮೇಲೆ. ಅರ್ಧ ಗೊತ್ತಿದ್ದೋನ ಹೇಳಿಕೇನ ಪೂರ್ತಿ ಮಾಡೋದು ಬರೆಯೋನು.’

‘ಅಂದ್ರೆ ಸುಳ್ಳು ಬರೀತಾರಾ ಮಾವ?’

‘ಸುಳ್ಳು ಯಾಕೆ ಬರೀಬೇಕು? ಅವನು ಹತ್ತು ಮಾತು ಹೇಳ್ತಾನೆ. ಕೇಸಿಗೆ ಬೇಕಾದ ಎಂಟು ಬರೀತೀವಿ. ಎರಡು ಬಿಡ್ತೀವಿ. ಬರೆದದ್ದೆಲ್ಲಾ ನಿಜವೇ.’

ನನಗೆ ಆಗ ಇದು ರುಚಿಸಲಿಲ್ಲ. ವಯಸ್ಸು ಇಪ್ಪತ್ನಾಲ್ಕು, ದೊಡ್ಡ ದೊಡ್ಡ ಸಂಚು ಬೇಕು. ಪ್ರೆಸ್ಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಸಿಐಎ, ಮೊಸಾದ್, ದೆಹಲಿಯ ದೊಡ್ಡವರು ಎಲ್ಲ ಉಪ್ಪಿನಕಾಯಿ ಜೊತೆ ಹೊರಬರುತ್ತಿದ್ದರು. ಬೇಕೆಂದೇ ತಡಮಾಡಿ ಶಿವರಾಸನ್‌ನನ್ನು ಸಾಯಲು ಬಿಟ್ಟರು ಎಂದು ಮೆಷಿನ್‌ಮನ್ ಆಣೆ ಮಾಡುತ್ತಿದ್ದ. ಸತ್ತದ್ದು ಅವನೇ ಅಲ್ಲ ಎನ್ನುವವರೂ ಇದ್ದರು. 2006ರಲ್ಲಿ ಎ.ಎಂ.ಆರ್. ರಮೇಶ್ ‘ಸೈನೈಡ್’ ಸಿನಿಮಾ ಮಾಡಿದರಲ್ಲ, ಆ ಕಾಯುವಿಕೆಯ ಬಗ್ಗೆ ಜನ ಮತ್ತೆ ಒಂದು ಸುತ್ತು ಮಾತಾಡಿದರು. ನನ್ನ ಲೆಕ್ಕದಲ್ಲಿ ಅದು ಸಂಚಲ್ಲ. ಯಾರೂ ತಮ್ಮ ಮೇಲೆ ಹಾಕಿಕೊಳ್ಳದೆ ಮೇಲಿನವರ ಮಾತಿಗೆ ಕಾಯುವುದು ನಮ್ಮ ಕಚೇರಿಗಳ ಹಳೇ ರೋಗ. ಅವತ್ತು ಅದಕ್ಕೆ ಬೆಲೆ ತೆತ್ತೆವು, ಅಷ್ಟೆ. ನುಗ್ಗಿದ್ದರೂ ಸೈನೈಡ್ ಕಚ್ಚಲು ಎಷ್ಟು ಹೊತ್ತು ಬೇಕು?

ಆಯೋಗಗಳ ಕಥೆ ದೊಡ್ಡದು, ಚುಟುಕಾಗಿ ಹೇಳುತ್ತೇನೆ. ಭದ್ರತೆಯ ಲೋಪ ನೋಡಲು ವರ್ಮಾ ಆಯೋಗ, ಸಂಚು ನೋಡಲು ಜೈನ್ ಆಯೋಗ. ಜೈನ್ ಆಯೋಗದ ಮಧ್ಯಂತರ ವರದಿ 1997ರಲ್ಲಿ ಡಿಎಂಕೆ ಕಡೆ ಬೆರಳು ತೋರಿಸಿತು, ಕಾಂಗ್ರೆಸ್ ಬೆಂಬಲ ವಾಪಸು ತೆಗೆದುಕೊಂಡಿತು, ಗುಜ್ರಾಲ್ ಸರ್ಕಾರ ಬಿತ್ತು. ಮರುವರ್ಷದ ಅಂತಿಮ ವರದಿ ಚಂದ್ರಸ್ವಾಮಿಯಂಥವರ ಬಗ್ಗೆ ಇನ್ನೂ ತನಿಖೆಯಾಗಲಿ ಎಂದಿತು. ಅದಕ್ಕೆಂದು ಸಿಬಿಐನಲ್ಲಿ ಬಹುಶಿಸ್ತೀಯ ನಿಗಾ ಸಂಸ್ಥೆ ಎಂದು ಒಂದನ್ನು ಕಟ್ಟಿದರು. ಎರಡು ವರ್ಷಕ್ಕೆಂದು ಶುರುವಾದದ್ದು ಎರಡು ದಶಕ ದಾಟಿ ಎಳೆದು, 2022ರಲ್ಲಿ ಸದ್ದಿಲ್ಲದೆ ಮುಚ್ಚಿತು. ತನಿಖಾ ದಳದಲ್ಲಿ ಮುಖ್ಯ ತನಿಖಾಧಿಕಾರಿಯಾಗಿದ್ದ ಕೆ. ರಘೋತ್ತಮನ್ ತಾವೇ ಒಂದು ಪುಸ್ತಕ ಬರೆದು, ಶ್ರೀಪೆರಂಬದೂರಿನ ಸಭೆಯ ವಿಡಿಯೊ ಒಂದಿತ್ತು, ಅದನ್ನು ಅಡಗಿಸಿಟ್ಟರು ಎಂದು ಆರೋಪಿಸಿದರು. ಕೇಸು ಕಟ್ಟಿದವರೇ ಹೀಗೆಂದರೆ ನಮ್ಮ ಮೆಷಿನ್‌ಮನ್‌ನನ್ನು ದೂರಿ ಏನು ಫಲ?

ಇನ್ನು ಮೊಕದ್ದಮೆ. ಒಟ್ಟು ಆರೋಪಿಗಳು ನಲವತ್ತೊಂದು. ಹನ್ನೆರಡು ಮಂದಿ ಸತ್ತಿದ್ದರು. ಎಲ್‌ಟಿಟಿಇಯ ಮೇಲಿನವರಾದ ಪ್ರಭಾಕರನ್, ಪೊಟ್ಟು ಅಮ್ಮಾನ್, ಅಕಿಲಾ ಸಿಕ್ಕಿರಲಿಲ್ಲ. ಉಳಿದ ಇಪ್ಪತ್ತಾರು ಮಂದಿಯ ವಿಚಾರಣೆ ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆಯ ನ್ಯಾಯಾಲಯದಲ್ಲಿ, ಮುಚ್ಚಿದ ಬಾಗಿಲ ಹಿಂದೆ ನಡೆಯಿತು. 1998ರ ಜನವರಿ 28ರಂದು ಇಪ್ಪತ್ತಾರಕ್ಕೆ ಇಪ್ಪತ್ತಾರೂ ಮಂದಿಗೆ ಗಲ್ಲು. ಕೋಣನಕುಂಟೆಯ ಮನೆ ಹಿಡಿದುಕೊಟ್ಟಿದ್ದವನಿಗೂ ಗಲ್ಲು. ಆ ದಿನ ಪೇಪರ್ ಓದಿದ ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ‘ಮನೆ ಕೊಡಿಸಿದೋನಿಗೂ, ಬಾಂಬು ಕಟ್ಟಿಸಿದೋನಿಗೂ ಒಂದೇ ತಕ್ಕಡೀನಾ?’

ಸುಪ್ರೀಂ ಕೋರ್ಟು ಆ ತಕ್ಕಡಿಯನ್ನು ಒಪ್ಪಲಿಲ್ಲ. 1999ರ ಮೇ 11ರಂದು ಹತ್ತೊಂಬತ್ತು ಮಂದಿಯನ್ನು ಕೊಲೆ ಸಂಚಿನಿಂದ ಬಿಟ್ಟಿತು, ಬೆಂಗಳೂರಿನವನೂ ಅದರಲ್ಲಿದ್ದ. ಮೂವರಿಗೆ ಜೀವಾವಧಿ. ನಳಿನಿ, ಮುರುಗನ್, ಶಾಂತನ್, ಪೇರರಿವಾಳನ್ ನಾಲ್ವರ ಗಲ್ಲು ಉಳಿಯಿತು. ಇನ್ನೊಂದು ಮಾತನ್ನೂ ಹೇಳಿತು: ಇದಕ್ಕೆ ಟಾಡಾ ಕಾಯ್ದೆಯ ಭಯೋತ್ಪಾದನೆಯ ಅಪರಾಧ ಅನ್ವಯಿಸುವುದಿಲ್ಲ. ಆದರೆ ಅದೇ ಟಾಡಾ ಕಾಯ್ದೆಯಡಿ ಬರೆದುಕೊಂಡ ತಪ್ಪೊಪ್ಪಿಗೆಗಳು ಸಾಕ್ಷ್ಯವಾಗಿ ನಡೆಯುತ್ತವೆ. ಕಾಯ್ದೆ ಬಿದ್ದುಹೋಯಿತು, ಅದು ಹೆತ್ತ ಕಾಗದ ನಿಂತಿತು. ಸಾಮಾನ್ಯ ಕೇಸಿನಲ್ಲಿ ಪೊಲೀಸರ ಮುಂದೆ ಒಪ್ಪಿಕೊಂಡದ್ದಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ. ಟಾಡಾದಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡರೆ ಸಾಕಿತ್ತು. ಇದನ್ನು ನನಗೆ ಬಿಡಿಸಿ ಹೇಳಿದ್ದೂ ಮಾವನೇ. ‘ನಾನು ಬರೆದಿದ್ರೆ ಸೊನ್ನೆ. ಎಸ್‌ಪಿ ಬರೆದ್ರೆ ಗಲ್ಲು’ ಎಂದು ನಕ್ಕಿದ್ದ.

ಪೇರರಿವಾಳನ್‌ನ ವಿಷಯಕ್ಕೆ ಬರುತ್ತೇನೆ. 1991ರ ಜೂನ್‌ನಲ್ಲಿ ಹಿಡಿದಾಗ ಅವನಿಗೆ ಹತ್ತೊಂಬತ್ತು ವರ್ಷ. ಅವನ ಮೇಲಿದ್ದ ಮುಖ್ಯ ಆರೋಪ ಒಂಬತ್ತು ವೋಲ್ಟಿನ ಎರಡು ಬ್ಯಾಟರಿ ಸೆಲ್ಲು ಕೊಂಡು ಶಿವರಾಸನ್‌ಗೆ ಕೊಟ್ಟನೆಂದು. ಟ್ರಾನ್ಸಿಸ್ಟರಿಗೆ ಹಾಕುತ್ತಿದ್ದೆವಲ್ಲ, ಅಂಥ ಚೌಕದ ಸೆಲ್ಲು. ಆ ಸೆಲ್ಲುಗಳು ಧನುವಿನ ಬೆಲ್ಟ್ ಬಾಂಬಿಗೆ ಹೋದವು. ಯಾವುದಕ್ಕೆ ಎಂದು ಗೊತ್ತಿದ್ದು ಕೊಟ್ಟನೆ? ಗೊತ್ತಿದ್ದರೆ ಸಂಚಿನ ಪಾಲುಗಾರ. ಗೊತ್ತಿಲ್ಲದಿದ್ದರೆ ಅಂಗಡಿಗೆ ಹೋಗಿ ಬಂದ ಹುಡುಗ. ತಪ್ಪೊಪ್ಪಿಗೆಯ ಕಾಗದ ಗೊತ್ತಿತ್ತು ಎನ್ನುವ ಹಾಗೆ ಓದಿಸಿಕೊಳ್ಳುತ್ತಿತ್ತು.

2013ರಲ್ಲಿ, ಆ ಕಾಗದ ಬರೆದುಕೊಂಡಿದ್ದ ಸಿಬಿಐ ಎಸ್‌ಪಿ ವಿ. ತ್ಯಾಗರಾಜನ್ ಬಾಯಿಬಿಟ್ಟರು. ಈ ಕೇಸಿನಲ್ಲಿ ಹದಿನೇಳು ಮಂದಿಯ ತಪ್ಪೊಪ್ಪಿಗೆ ಬರೆದುಕೊಂಡವರು ಅವರು. ಸೆಲ್ಲು ಯಾತಕ್ಕೆ ಎಂದು ತನಗೆ ಗೊತ್ತಿರಲಿಲ್ಲವೆಂದು ಪೇರರಿವಾಳನ್ ಹೇಳಿದ್ದ, ನಾನು ಆ ಮಾತನ್ನು ಬರೆಯಲಿಲ್ಲ ಎಂದರು. ಬರೆದಿದ್ದರೆ ಅದು ತಪ್ಪೊಪ್ಪಿಗೆಯಾಗಿ ಉಳಿಯುತ್ತಿರಲಿಲ್ಲ ಎಂಬುದು ಅವರು ಕೊಟ್ಟ ಕಾರಣ. ಮುಂದೆ ಇದನ್ನು ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರದಲ್ಲೂ ಕೊಟ್ಟರು. 1991ರ ಮೇ 7ರಂದು ಶಿವರಾಸನ್ ಪೊಟ್ಟು ಅಮ್ಮಾನ್‌ಗೆ ಕಳಿಸಿದ ವೈರ್‌ಲೆಸ್ ಸಂದೇಶವನ್ನೂ ನೆನಪಿಸಿದರು. ನಮ್ಮ ಉದ್ದೇಶ ನಮ್ಮ ಮೂವರ ಹೊರತು ಯಾರಿಗೂ ಗೊತ್ತಿಲ್ಲ ಎಂಬರ್ಥದ ಸಂದೇಶ ಅದು. ಮೂವರು ಅಂದರೆ ಶಿವರಾಸನ್, ಶುಭಾ, ಧನು.

ಆ ಸುದ್ದಿ ಓದುವ ಹೊತ್ತಿಗೆ ಮಾವ ತೀರಿಕೊಂಡು ಐದಾರು ವರ್ಷವಾಗಿತ್ತು. ಹತ್ತು ಮಾತಿನಲ್ಲಿ ಎಂಟು ಬರೆಯುವ ಕಥೆ ಅವನು ಹೇಳಿದಾಗ ನಾನು ಟೀ ಗ್ಲಾಸಿನಲ್ಲಿ ನೊಣ ಓಡಿಸುತ್ತಿದ್ದೆ. ಪ್ರೂಫ್ ನೋಡುವವನಿಗೆ ಬಿಟ್ಟುಹೋದ ಸಾಲು ಹೊಸದಲ್ಲ; ಆದರೆ ಅಲ್ಲಿ ಮೂಲಪ್ರತಿ ಪಕ್ಕದಲ್ಲಿರುತ್ತದೆ, ಹುಡುಕಿ ಸೇರಿಸಬಹುದು. ಇಲ್ಲಿ ಮೂಲಪ್ರತಿ ಇದ್ದದ್ದು ಬರೆದುಕೊಂಡವರ ತಲೆಯಲ್ಲಿ, ಇಪ್ಪತ್ತೆರಡು ವರ್ಷ.

ಆ ಕೇಸಿನ ಕಡತದಲ್ಲಿ ನನಗೆ ಅತಿ ವಿಚಿತ್ರ ಅನ್ನಿಸುವುದು ಇನ್ನೊಂದಿದೆ. ಸೆಲ್ಲು ತಂದವನು ಗಲ್ಲಿನ ಕೋಣೆಯಲ್ಲಿ ಕೂತ. ಆ ಬೆಲ್ಟನ್ನು ಹೊಲಿದವರು, ಸ್ಫೋಟಕ ತುಂಬಿದವರು, ಸ್ವಿಚ್ಚು ಕೂರಿಸಿದವರು ಯಾರು, ಎಲ್ಲಿ ಎಂಬುದು ಯಾವ ನ್ಯಾಯಾಲಯದಲ್ಲೂ ಸಾಬೀತಾಗಲಿಲ್ಲ. ನಿಗಾ ಸಂಸ್ಥೆ ಅಷ್ಟು ವರ್ಷ ಹುಡುಕಬೇಕಾಗಿದ್ದುದರಲ್ಲಿ ಅದೂ ಒಂದು. 1999ರ ಪೀಠದ ಮುಖ್ಯಸ್ಥರಾಗಿದ್ದ ನ್ಯಾಯಮೂರ್ತಿ ಕೆ.ಟಿ. ಥಾಮಸ್ ನಿವೃತ್ತರಾದ ಮೇಲೆ ಕೇಳಿದ ಪ್ರಶ್ನೆಯೂ ಈ ಜಾತಿಯದೇ: ಆರೋಪಿಗಳ ಕಡೆಯಿಂದ 40 ಲಕ್ಷ ರೂಪಾಯಿ ಭಾರತದ ನೋಟು ಸಿಕ್ಕಿತ್ತಲ್ಲ, ಅದು ಎಲ್ಲಿಂದ ಬಂತೆಂದು ಯಾಕೆ ಹುಡುಕಲಿಲ್ಲ? ತೀರ್ಪು ಕೊಟ್ಟವರೇ ಸೋನಿಯಾ ಗಾಂಧಿಗೆ ಕಾಗದ ಬರೆದು, ಇವರ ಮೇಲೆ ದಯೆ ತೋರಿ ಎಂದು ಕೇಳಿಕೊಂಡರು. ಸೋನಿಯಾ ಅದಕ್ಕೂ ಬಹಳ ಮೊದಲೇ ನಳಿನಿಯ ಗಲ್ಲು ಬೇಡವೆಂದಿದ್ದರು. 2008ರಲ್ಲಿ ಪ್ರಿಯಾಂಕಾ ವೆಲ್ಲೂರು ಜೈಲಿಗೆ ಹೋಗಿ ನಳಿನಿಯನ್ನು ಕಂಡರು. ತಂದೆಯನ್ನು ಕಳಕೊಂಡ ಮಗಳು ಜೈಲಿನವರೆಗೆ ಹೋಗಿ ಏನು ಕೇಳಿರಬಹುದು? ಯಾಕೆ ಎಂದು ತಾನೆ?

‘ಹಾಗಾದ್ರೆ ಪೇರರಿವಾಳನ್ ನಿರಪರಾಧಿನಾ ದೊಡ್ಡಪ್ಪ?’ ಎಂದು ನೀನು ಕೇಳುತ್ತೀಯ ಪುಟ್ಟಿ, ಗೊತ್ತು. ಕೋರ್ಟು ಹಾಗೆ ಹೇಳಿಲ್ಲ. 2014ರಲ್ಲಿ ಅವನ, ಮುರುಗನ್, ಶಾಂತನ್‌ರ ಗಲ್ಲು ಜೀವಾವಧಿಯಾದದ್ದು ದಯಾಭಿಕ್ಷೆಯ ಅರ್ಜಿ ಹನ್ನೊಂದು ವರ್ಷ ಕೊಳೆಯಿತೆಂಬ ಕಾರಣಕ್ಕೆ. 2022ರ ಮೇ 18ರಂದು ಅವನು ಹೊರಬಂದದ್ದು ರಾಜ್ಯಪಾಲರು ಸಂಪುಟದ ಶಿಫಾರಸನ್ನು ವರ್ಷಗಟ್ಟಲೆ ಇಟ್ಟುಕೊಂಡರೆಂದು, ಸುಪ್ರೀಂ ಕೋರ್ಟು 142ನೇ ವಿಧಿ ಬಳಸಿದ್ದರಿಂದ. ಆ ನವೆಂಬರ್‌ನಲ್ಲಿ ಉಳಿದ ಆರು ಮಂದಿಯೂ ಬಂದರು. ಶಾಂತನ್ ಊರಿಗೆ ಹೋಗಲು ಕಾಯುತ್ತಲೇ 2024ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿ ಸತ್ತ. ಆ ಆಸ್ಪತ್ರೆಗಿದ್ದ ಹೆಸರೂ ರಾಜೀವ್ ಗಾಂಧಿಯದೇ.

ತಡವಾಯಿತೆಂದು ಬಿಟ್ಟರು, ಅಷ್ಟೆ. ಸೆಲ್ಲಿನ ವಿಷಯ ಅವನಿಗೆ ಗೊತ್ತಿತ್ತೋ ಇಲ್ಲವೋ ಎಂಬುದನ್ನು ಬಿಡುಗಡೆಯ ಆದೇಶ ತೀರ್ಮಾನಿಸಲಿಲ್ಲ. ನಳಿನಿಯ ವಿಷಯದಲ್ಲಿ, ಮುರುಗನ್ ವಿಷಯದಲ್ಲಿ ನನಗೆ ಇಂಥ ಅನುಮಾನ ಅಷ್ಟಾಗಿ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಳಿನಿ ಅವತ್ತು ರಾತ್ರಿ ಶ್ರೀಪೆರಂಬದೂರಿನಲ್ಲಿ ಧನುವಿನ ಜೊತೆಗಿದ್ದವಳು. ಎಲ್ಲರದ್ದನ್ನೂ ಒಂದೇ ಚೀಲಕ್ಕೆ ಹಾಕಿ ಪಾಪ ಅನ್ನುವವರ ಜೊತೆಗೂ ನನಗೆ ಜಗಳವಿದೆ.

ನಮ್ಮ ಮೆಷಿನ್‌ಮನ್ ಈಗಲೂ ಇದ್ದಾನೆ, ಉತ್ತರಹಳ್ಳಿ ಕಡೆ ಮಗನ ಮನೆಯಲ್ಲಿ. ಮೊನ್ನೆ ಮದುವೆಯೊಂದರಲ್ಲಿ ಸಿಕ್ಕಾಗ ಮತ್ತೆ ಮೊಸಾದ್ ಅಂದ. ತ್ಯಾಗರಾಜನ್ ಅಂದರೆ ಯಾರು ಅಂದ.